ತಂಬಿಗೆಯ ಬಾಯಿಗೆ ಇಟ್ಟ ಕೈ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಕೋರ್ಟ್ ಹಾಲಿನ ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ ಎಂದು ವಕೀಲರಿಗೆಲ್ಲ ಗೊತ್ತಿತ್ತು. ಹಾಗಾದರೆ ನಿಜವಾಗಿ ಹನ್ನೊಂದು ಮೂವತ್ತೈದು. ಯಾವುದನ್ನು ಬರೆಯಬೇಕೆಂದು ಬಹಳ ಯೋಚಿಸಿದ್ದೇನೆ. ಕೊನೆಗೆ ಗೋಡೆಯ ಮೇಲೆ ಕಂಡದ್ದನ್ನೇ ಬರೆದಿದ್ದೇನೆ. ಆಮೇಲೆ ತಿಂಗಳುಗಟ್ಟಲೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು ಆ ಎರಡು ಮುಳ್ಳುಗಳೇ.

ಆ ಹೊತ್ತಿಗೆ ನನ್ನ ಗೆಳತಿ ಪಾಟೀಸವಾಲು ಮಾಡುತ್ತಿದ್ದಳು. ಕಟಕಟೆಯಲ್ಲಿ ನಿಂತವನು ಅವಳ ಕಕ್ಷಿದಾರಳ ಮೈದುನ. ಕಕ್ಷಿದಾರಳು ಹೊಳೆಆಲೂರ ಕಡೆಯ ವಿಧವೆ. ಗಂಡನ ಪಾಲಿನ ಹೊಲ ತನಗೆ ಬರಬೇಕೆಂದು ಎಷ್ಟೋ ತಾರೀಖುಗಳಿಂದ ಬಸ್ಸು ಹತ್ತಿ ಬರುತ್ತಿದ್ದಳು. ಹೊಲದ ಪೂರ್ವದ ಬದುವನ್ನು ಯಾವ ವರ್ಷ ಒಡೆದಿರಿ ಎಂದು ಗೆಳತಿ ಕೇಳಿದಳು. ಅವನು ಉತ್ತರ ಹೇಳಿದ. ಅವಳು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಹಿಂದೆ ಕುಳಿತವರು ಅದನ್ನು ಪಾಟೀಸವಾಲಿನ ಪಟ್ಟು ಎಂದುಕೊಂಡು ಮೆಚ್ಚಿ ತಲೆಯಾಡಿಸಿದರು. ಮೂರನೆಯ ಸಲ ಕೇಳುವಾಗ ‘ಪೂರ್ವದ’ ಎಂಬಲ್ಲಿಗೆ ದನಿ ನಿಂತಿತು. ನ್ಯಾಯಾಧೀಶರು ತಲೆ ಎತ್ತಿದರು. ನಾನು ಗಡಿಯಾರ ನೋಡಿದೆ. ಅವಳು ಮೇಜಿನ ಅಂಚು ಹಿಡಿದು, ಕುಳಿತುಕೊಳ್ಳುವವಳಂತೆ ಮೆಲ್ಲಗೆ ಬಾಗಿ, ಕುರ್ಚಿ ಇಲ್ಲದ ಕಡೆ ಕುಳಿತಳು.

ಇದು ಯಾವ ಊರಿನ ಕೋರ್ಟು ಎಂದು ಬರೆಯುವುದಿಲ್ಲ. ಆ ಕಟ್ಟಡದಲ್ಲಿ ಈಗ ಬೇರೆಯವರಿದ್ದಾರೆ, ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ನಾನು ರೋಣದಲ್ಲಿ ನನ್ನ ಅವ್ವನ ಜೊತೆ ಇದ್ದೆ. ಗೆಳತಿ ಗಜೇಂದ್ರಗಡದವಳು. ಕೆಲಸ ನಮ್ಮನ್ನು ಒಮ್ಮೆ ರೋಣಕ್ಕೆ, ಒಮ್ಮೆ ನರಗುಂದಕ್ಕೆ ಓಡಿಸುತ್ತಿತ್ತು. ಎಲ್ಲಿಗೆ ಹೋದರೂ ಬಾರ್ ರೂಮಿನಲ್ಲಿ ಕರಿ ಕೋಟು ತೊಟ್ಟ ಹೆಂಗಸರು ನಾವಿಬ್ಬರೇ. ಅದರಲ್ಲೂ ಅವಳು ಒಬ್ಬಳೇ ಮುಸಲ್ಮಾನರವಳು.

ಅವಳ ತಂದೆ ಕಲಾಯಿ ಹಾಕುವವರು. ಅಬ್ಬಿಗೇರಿ, ಅಸೂಟಿಯ ಕಡೆಯ ಮನೆಗಳ ತಾಮ್ರ ಹಿತ್ತಾಳೆ ಪಾತ್ರೆಗಳ ಒಳಮೈ ಅವರ ಕೈಯಲ್ಲಿ ಬೆಳ್ಳಗಾದದ್ದು. ನಮ್ಮ ಅಜ್ಜಿಯ ಕೊಡಕ್ಕೂ ಅವರೇ ಕಲಾಯಿ ಹಾಕಿದ್ದರಂತೆ. ಅವಳು ಬಾರ್ ರೂಮಿಗೆ ಕಾಲಿಟ್ಟ ಮೊದಲ ದಿನವೇ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಕಲಾಯಿ ಸಾಬರ ಮಗಳು ವಕೀಲಕಿ ಮಾಡಾಕ ಬಂದಾಳ. ಇನ್ನ ನಮ್ಮ ಕೇಸೆಲ್ಲಾ ಥಳಥಳ ಹೊಳೀತಾವ ಬಿಡ್ರಿ."

ಅವಳು ಫೈಲು ಮೇಜಿನ ಮೇಲಿಟ್ಟು, "ಹೊಳೀಬೇಕಂದ್ರ ಮದಲ ಕಿಲುಬು ತಿಕ್ಕಬೇಕಾಗತೈತ್ರಿ ಕಾಕಾ" ಎಂದಳು.

ನಕ್ಕವರಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮಿಬ್ಬರಿಗೂ ಕೆಲಸ ಕಲಿಸಿದ ಹಿರಿಯ ವಕೀಲರು. ಹಣೆಗೆ ಮೂರು ಬೆರಳು ವಿಭೂತಿ ಹಚ್ಚದೆ ಮನೆ ಬಿಡದವರು; ನಲವತ್ತು ವರ್ಷ ಅದೇ ಕಟ್ಟಡದಲ್ಲಿ ವಾದ ಮಾಡಿದವರು. ಅಂದಿನಿಂದ ಅವಳ ಮೇಲೆ ಅವರಿಗೆ ಒಂದು ತೂಕ ಪ್ರೀತಿ ಹೆಚ್ಚು. ಅವಳನ್ನು ಅವರು ‘ತಂಗಿ’ ಎನ್ನುತ್ತಿದ್ದರು, ನನ್ನನ್ನು ಬರೀ ‘ಏ ಇಕಿ’. ರಂಜಾನ್ ಬಂದರೆ ಅವರು ಬಾರ್ ರೂಮಿನ ಮೂಲೆಯ ನೀರಿನ ಹರವಿಯನ್ನು ತಾವೇ ಎತ್ತಿ ಹೊರಗಿನ ಪಡಸಾಲೆಗೆ ಇಡಿಸುತ್ತಿದ್ದರು. ಆಕೆ ಬಾಯಾರಿ ಕುಳಿತಾಗ ನಾವು ಎದುರಿಗೆ ಗಟಗಟ ಕುಡಿಯಬಾರದು ಎಂಬುದು ಅವರ ಲೆಕ್ಕ. ಮೊದಮೊದಲು ಗೊಣಗಿದವರೂ ಎರಡನೆಯ ವರ್ಷಕ್ಕೆ ಚಹಾದ ಕಪ್ಪು ಹಿಡಿದು ತಾವಾಗಿಯೇ ಎದ್ದು ಹೊರಗೆ ಹೋಗುತ್ತಿದ್ದರು. ನಮ್ಮ ಬಾರ್ ರೂಮಿನ ಬಗ್ಗೆ ನನಗೆ ಹೆಮ್ಮೆ ಇತ್ತು. ಈಗಲೂ ಇದೆ. ಅದನ್ನು ಮೊದಲೇ ಹೇಳದಿದ್ದರೆ ಮುಂದಿನದು ತಪ್ಪಾಗಿ ಕಾಣುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಆ ಕಟ್ಟಡದಲ್ಲಿ ಹೆಂಗಸರಿಗೆ ಕಕ್ಕಸು ಇರಲಿಲ್ಲ. ಗಂಡಸರಿಗೆ ಹಿಂದಿನ ಗೋಡೆ ಇತ್ತು. ನಾವಿಬ್ಬರೂ ಯಾರಿಗೂ ಹೇಳದೆ, ಒಬ್ಬರಿಗೊಬ್ಬರು ಕೂಡ ಹೆಚ್ಚು ಹೇಳಿಕೊಳ್ಳದೆ, ಒಂದು ಪದ್ಧತಿ ಮಾಡಿಕೊಂಡಿದ್ದೆವು. ಮನೆಯಿಂದ ಹೊರಡುವ ಮುಂಚೆ ಅರ್ಧ ಲೋಟ ನೀರು. ಮತ್ತೆ ನೀರು ಸಂಜೆ ಮನೆ ಮುಟ್ಟಿದ ಮೇಲೆ. ನಡುವೆ ಬಾಯಿ ಒಣಗಿದರೆ ಏಲಕ್ಕಿ. ತಿಂಗಳ ಆ ದಿನಗಳಲ್ಲಿ ಏನು ಮಾಡುತ್ತಿದ್ದೆವೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಬೆಳಿಗ್ಗೆ ಹೇಗೆ ಹೋದೆವೋ ಸಂಜೆ ಹಾಗೆಯೇ ಬರುತ್ತಿದ್ದೆವು ಎಂದಷ್ಟೇ ಹೇಳುತ್ತೇನೆ. ಒಮ್ಮೆ ಬಸ್ಸಿನಲ್ಲಿ ಅವಳು ನನ್ನ ಕಿವಿಯಲ್ಲಿ, "ನಂದು ರಂಜಾನದಾಗ ಒಂದ ತಿಂಗಳ ರೋಜಾ. ನೀ ವರ್ಷದುದ್ದಕ್ಕೂ ಹಿಡೀತಿ. ಪುಣ್ಯ ನಿನಗ ಹೆಚ್ಚು ನೋಡ" ಎಂದಿದ್ದಳು. ಇಬ್ಬರೂ ನಕ್ಕಿದ್ದೆವು.

ಆ ದಿನ ರಂಜಾನಿನ ಎರಡನೆಯ ವಾರ. ಬಸ್ ಸ್ಟ್ಯಾಂಡಿನಲ್ಲಿ ಅವಳ ಮುಖ ಬಾಡಿತ್ತು. ಬೆನ್ನು ನೋಯುತ್ತದೆ, ರಾತ್ರಿ ಮೈ ಬೆಚ್ಚಗಿತ್ತು ಎಂದಳು. ಬಸ್ಸಿನ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕುಳಿತಳು. ಹೊರಗೆ ಎರೆಹೊಲಗಳಲ್ಲಿ ಹೆಸರಿನ ರಾಶಿ ಮುಗಿದು, ಜೋಳ ಬಿತ್ತಲು ಹರಗುತ್ತಿದ್ದರು. ತಾರೀಖು ಮುಂದಕ್ಕೆ ಕೇಳೋಣವೇ ಎಂದೆ. ಹೊಳೆಆಲೂರ ಆ ಹೆಣ್ಣುಮಗಳು ಮತ್ತೆ ಎಷ್ಟು ಸಲ ಬರಬೇಕು ಎಂದಳು. ಅಲ್ಲದೆ ‘ವಕೀಲ ಬಾಯಾರು ಭಾಳ ನಾಜೂಕು’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು ಎಂಬುದು ನಮ್ಮಿಬ್ಬರ ಹಟವಾಗಿತ್ತು. ನಾನು ಮತ್ತೆ ಕೇಳಲಿಲ್ಲ.

ಅವಳು ಕುಸಿದು ಕುಳಿತ ಕೂಡಲೇ ಎಲ್ಲರಿಗಿಂತ ಮೊದಲು ಎದ್ದವರು ಹಿರಿಯರು. ಪಡಸಾಲೆಗೆ ಹೋಗಿ ಹರವಿಯಿಂದ ಒಂದು ತಂಬಿಗೆ ನೀರು ತಂದರು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ತಂಬಿಗೆ ಅವಳ ತುಟಿಯ ಹತ್ತಿರ ಬಂತು.

"ಬ್ಯಾಡ್ರಿ ಸರ್" ಎಂದೆ. "ಆಕಿ ರೋಜಾ ಅದಾಳ."

ಹಾಗೆಂದು ತಂಬಿಗೆಯ ಬಾಯಿಗೆ ನನ್ನ ಅಂಗೈ ಅಡ್ಡ ಇಟ್ಟೆ.

ಹಿರಿಯರು ತಡೆದು ನಿಂತರು. ಅವರ ಕಣ್ಣಲ್ಲಿ ನನ್ನ ಬಗ್ಗೆ ಮೆಚ್ಚುಗೆ ಕಂಡದ್ದು ನೆನಪಿದೆ. ಗೆಳತಿಯ ತುಟಿ ಅಲುಗಿತು; ದುವಾ ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳ ಕೈ ಎದ್ದು ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಹಿಡಿತ ಸಡಿಲವಾಗಿತ್ತು, ಆದರೆ ಎಳೆಯುತ್ತಿತ್ತು. ನಾನು ಅದನ್ನು ಉಪಕಾರ ಸ್ಮರಣೆ ಎಂದುಕೊಂಡೆ. ಅವಳ ಕೈಯ ಮೇಲೆ ನನ್ನ ಇನ್ನೊಂದು ಕೈ ಇಟ್ಟು, ಇರಲಿ ಇರಲಿ, ನಾನಿದ್ದೇನೆ ಎಂದು ಒತ್ತಿದೆ.

ಮುಖಕ್ಕೆ ನೀರು ಚಿಮುಕಿಸಿದರು. ಬಾರ್ ರೂಮಿಗೆ ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಮಲಗಿಸಿದರು. ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಉಪವಾಸದ ನಿತ್ರಾಣ, ಫ್ಯಾನಿನ ಕೆಳಗೆ ಸ್ವಲ್ಪ ಮಲಗಿದರೆ ಎದ್ದು ಕೂಡುತ್ತಾಳೆ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಕಣ್ಣು ಬಿಡುತ್ತಿದ್ದಳು, ಮುಚ್ಚುತ್ತಿದ್ದಳು. ಒಂದೊಂದು ಸಲ ನನ್ನ ಮುಖವನ್ನು ನೋಡಿ ಏನೋ ಹೇಳಲು ಹೋಗಿ, ಬಾಗಿಲಲ್ಲಿ ನಿಂತ ಗಂಡಸರ ಕಡೆ ಕಣ್ಣು ಹೊರಳಿಸಿ ಸುಮ್ಮನಾಗುತ್ತಿದ್ದಳು. ಹಾಗೆ ಒಂದೂವರೆ ತಾಸಿಗೂ ಹೆಚ್ಚು ಹೊತ್ತು ಹೋಯಿತು. ಅಷ್ಟು ಹೊತ್ತು ನಾನು ಮಾಡಿದ್ದು ಒಂದೇ ಕೆಲಸ. ಯಾರು ನೀರು ತಂದರೂ ಬೇಡ ಎನ್ನುವುದು. ಮೂರು ಸಲ ಅಂದೆ. ನಾಲ್ಕೂ ಇರಬಹುದು.

ಕೋರ್ಟಿನಲ್ಲಿ ಝಾಡು ಹೊಡೆಯುವ ಹೆಣ್ಣುಮಗಳು ಒಬ್ಬಳಿದ್ದಳು. ವಯಸ್ಸಾದವಳು, ಎಲ್ಲರೂ ಅವ್ವಾ ಎನ್ನುತ್ತಿದ್ದರು, ಆದರೆ ಆಕೆ ಹರವಿಯನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಆಕೆ ಊಟದ ಹೊತ್ತಿಗೆ ಬಾರ್ ರೂಮು ಗುಡಿಸಲು ಬಂದಳು. ಬೆಂಚಿನ ಮೇಲೆ ಗೆಳತಿಗೆ ಆಗಷ್ಟೇ ನಡುಕ ಹತ್ತಿತ್ತು. ಹಲ್ಲಿಗೆ ಹಲ್ಲು ಕಟಕಟ ಬಡಿಯುತ್ತಿತ್ತು, ಉಗುರು ನೀಲಿಯಾಗಿತ್ತು. ಅವ್ವ ಕಸಬರಿಗೆ ಗೋಡೆಗೆ ಒರಗಿಸಿ, ಒಂದು ಕ್ಷಣ ನೋಡಿ, ಗಂಡಸರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಹಣೆ ಮುಟ್ಟಿದಳು, ಸೊಂಟದ ಹತ್ತಿರ ಸೀರೆ ಸರಿಸಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ಈಕಿ ಎಲ್ಲಿ ರೋಜಾ ಹಿಡದಾಳವಾ? ಈಕಿ ಮುಟ್ಟಾಗ್ಯಾಳ. ಅಂಥಾದ್ರಾಗ ರೋಜಾ ಹಿಡೀತಾರೇನು? ಮೈ ಕೆಂಡ ಆಗೇತಿ. ನೀನೂ ಹೆಣ್ಣ ಅದೀಯಲ್ಲ."

ಆ ಕೊನೆಯ ಮಾತನ್ನು ಆಕೆ ಬೈಯುವ ಹಾಗೆ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾಗಿಲು ತೆರೆದು ಆಕೆ ಹಿರಿಯರಿಗೆ, ನೀರು ಬೇಕು, ದವಾಖಾನೆಯೂ ಬೇಕು ಎಂದಷ್ಟೇ ಹೇಳಿದಳು. ಕಾರಣ ಹೇಳಲಿಲ್ಲ. ಅವರು ತಂಬಿಗೆ ಒಳಗೆ ಚಾಚಿದರು. ಆಕೆ ಅದನ್ನು ತೆಗೆದುಕೊಳ್ಳದೆ, ಸೆರಗಿಗೆ ಕೈ ಒರೆಸುತ್ತ ನಿಂತಳು.

"ನನ್ನ ಕೈಲೆ ಕುಡಿಸಲೇನ್ರಿ?"

ಹಿರಿಯರಿಗೆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಅವರ ಮುಖ ನೋಡಲಾಗಲಿಲ್ಲ. "ಕುಡಿಸವಾ, ಲಗೂ ಕುಡಿಸು" ಎಂದರು. ಆಕೆ ಸೆರಗಿನ ಚುಂಗು ನೀರಲ್ಲಿ ಅದ್ದಿ ಗೆಳತಿಯ ತುಟಿಗೆ ಹಿಂಡಿದಳು. ಗೆಳತಿ ಆ ಬಟ್ಟೆಯನ್ನೇ ಚೀಪಿದಳು. ನಾನು ಆ ಸದ್ದು ಕೇಳಿಸಿಕೊಂಡೆ.

ಹಿರಿಯರ ಹಳೆಯ ಅಂಬಾಸಿಡರ್ ಕಾರಿನಲ್ಲಿ ಗದಗಿಗೆ ಹೊರಟೆವು. ಅವರೇ ಓಡಿಸಿದರು, ಕೋಟು ಬ್ಯಾಂಡು ಕೂಡ ಬಿಚ್ಚಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ಮಡಿಲಲ್ಲಿ, ಕಾಲು ಝಾಡಿನ ಅವ್ವನ ಮಡಿಲಲ್ಲಿ. ದಾರಿಯುದ್ದಕ್ಕೂ ಗೆಳತಿ ಜ್ವರದಲ್ಲಿ ಪೂರ್ವದ ಬದು, ಪೂರ್ವದ ಬದು ಎನ್ನುತ್ತಿದ್ದಳು. ಒಂದು ಕಡೆ ಕುರಿಗಳ ಹಿಂಡು ರಸ್ತೆ ತುಂಬಿತ್ತು. ಹಿರಿಯರು ಹಾರ್ನ್ ಒತ್ತಿ ಹಿಡಿದು ಅಳುತ್ತಿದ್ದರು. ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು. ಆ ಹೊತ್ತು ಅವಳ ಉಸಿರು ಒಮ್ಮೆ ನಿಂತ ಹಾಗಾಗಿ, ನಾನು ಅವಳ ಮೂಗಿನ ಹತ್ತಿರ ಕೈ ಹಿಡಿದೆ. ಅದೇ ಕೈ.

ದವಾಖಾನೆಯಲ್ಲಿ ಡಾಕ್ಟರು ಮೂತ್ರಪಿಂಡಕ್ಕೆ ನಂಜಾಗಿ, ನಂಜು ರಕ್ತಕ್ಕೆ ಏರಿದೆ ಎಂದರು. ಉಳಿಯುತ್ತಾಳೆ ಎಂದು ಹೇಳಲಿಲ್ಲ. ಇನ್ನೆರಡು ತಾಸು ತಡವಾಗಿದ್ದರೆ ತರುವ ಅಗತ್ಯವೇ ಇರುತ್ತಿರಲಿಲ್ಲ ಎಂದರು. ಎರಡು ತಾಸು ಎಂದಾಗ ನನಗೆ ಗಡಿಯಾರ ಕಂಡಿತು. ಇದು ಒಂದು ದಿನದ್ದಲ್ಲ, ವರ್ಷಗಟ್ಟಲೆ ನೀರು ಕುಡಿಯದೆ, ತಡೆದು ತಡೆದು ಆದದ್ದು ಎಂದು ವಿವರಿಸಿ, ಈಕೆ ನೀರು ಯಾಕೆ ಕುಡಿಯುವುದಿಲ್ಲ ಎಂದು ಹಿರಿಯರನ್ನು ಕೇಳಿದರು. ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತ ಹೇಳಿದೆ.

"ಕೋರ್ಟಿನ್ಯಾಗ ನಮಗ ಕಕ್ಕಸ ಇಲ್ರಿ."

ಹಿರಿಯರು ಹೊರಗಿನ ಬೆಂಚಿನ ಮೇಲೆ ಹೋಗಿ ಕುಳಿತರು. ಆಮೇಲೆ ನನ್ನನ್ನು ಕರೆದು ಹೇಳಿದರು. "ನಲವತ್ತ ವರ್ಷ ಅಲ್ಲೇ ಅದೀನಿ. ಒಂದ ದಿನಾನೂ ನನಗ ಇದು ತಿಳೀಲಿಲ್ಲ. ಹರವಿ ಹೊರಗ ಇಡಸಿ, ಭಾಳ ದೊಡ್ಡ ಕೆಲಸ ಮಾಡೀನಿ ಅನ್ಕೊಂಡಿದ್ದೆ." ನಾನು ಆಗಲೇ ಅವರಿಗೆ ನನ್ನ ಕೈಯ ಸಂಗತಿ ಹೇಳಬಹುದಿತ್ತು. ಆಕೆ ರೋಜಾ ಇರಲಿಲ್ಲ, ನೀರಿಗಾಗಿ ನನ್ನ ಕೈ ಎಳೆಯುತ್ತಿದ್ದಳು, ನಾನು ಒತ್ತಿ ಹಿಡಿದೆ ಎಂದು. ಹೇಳಲಿಲ್ಲ.

ಸಂಜೆಯ ಹೊತ್ತಿಗೆ ಅವಳ ತಂದೆ ಬಂದರು. ಬೆರಳ ಸಂದಿಯಲ್ಲಿ ಇನ್ನೂ ಮಸಿ ಇತ್ತು. ಬಾರಿನವರು ಯಾರೋ ಫೋನಿನಲ್ಲಿ ಅವರಿಗೆ ಎಲ್ಲವನ್ನೂ ಹೇಳಿದ್ದರು, ನನ್ನ ಬಗ್ಗೆಯೂ ಹೇಳಿದ್ದರು. ಅವರು ನೇರವಾಗಿ ನನ್ನ ಬಳಿ ಬಂದು ಎರಡೂ ಕೈಯಿಂದ ನನ್ನ ಬಲಗೈ ಹಿಡಿದುಕೊಂಡರು.

"ಬೇಟಿ, ನಮ್ಮ ರೋಜಾಕ್ಕ ನೀ ಇಷ್ಟ ಬೆಲೆ ಕೊಟ್ಟಿ. ಇದನ್ನ ನಾ ಸಾಯೂತನಕ ಮರಿಯಂಗಿಲ್ಲ."

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಅವರು ಇನ್ನೂ ಬಿಗಿಯಾಗಿ ಹಿಡಿದರು.

ಅವಳು ಉಳಿದಳು. ಹನ್ನೊಂದು ದಿನ ದವಾಖಾನೆಯಲ್ಲಿದ್ದು, ಈದ್ ಹಬ್ಬಕ್ಕೆ ಒಂದು ವಾರ ಮುಂಚೆ ಗಜೇಂದ್ರಗಡಕ್ಕೆ ಹೋದಳು. ನಾನು ದಿನ ಬಿಟ್ಟು ದಿನ ಗದಗಿಗೆ ಹೋಗಿ ನೋಡುತ್ತಿದ್ದೆ, ಹಣ್ಣು ಒಯ್ಯುತ್ತಿದ್ದೆ, ಕೋರ್ಟಿನ ಸುದ್ದಿ ಹೇಳುತ್ತಿದ್ದೆ. ಆ ಒಂದು ಮಾತು ಮಾತ್ರ ಹೇಳಲಿಲ್ಲ. ಅವಳಿಗೆ ನೆನಪಿಲ್ಲದಿದ್ದರೆ ಒಳ್ಳೆಯದು ಎಂದುಕೊಂಡೆ. ನೆನಪಿಲ್ಲ ಎಂದು ನಂಬಿದೆ.

ನನ್ನ ನಿದ್ದೆ ಕೆಟ್ಟಿತು. ಮಲಗಿದ ಕೂಡಲೇ ಬರುತ್ತಿತ್ತು, ನಡುವೆ ಎಚ್ಚರವಾಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಎದ್ದು ನೀರು ಕುಡಿಯುತ್ತಿದ್ದೆ. ಎಷ್ಟೋ ಬೆಳಗು ಅವ್ವ ನೋಡಿದಾಗ ನನ್ನ ಕೈ ಹಾಸಿಗೆಯ ಪಕ್ಕದ ತಂಬಿಗೆಯ ಮೇಲೆ ಇರುತ್ತಿತ್ತಂತೆ, ಮುಚ್ಚಳದ ಹಾಗೆ. ಅವ್ವ ತಂಬಿಗೆ ತೆಗೆದು ಲೋಟ ಇಟ್ಟಳು. ಲೋಟದ ಮೇಲೂ ಕೈ ಹೋಯಿತು.

ದೀಪಾವಳಿ ಮುಗಿದ ಮೇಲೆ ಹಿರಿಯರು ನನ್ನನ್ನು ಕರೆದು, ತಂಗಿ ಕೋರ್ಟಿಗೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾಳೆ, ವಕೀಲಿಕೆಯ ಸನದು ಹಿಂದಕ್ಕೆ ಒಪ್ಪಿಸಿ ಕನ್ಯಾಶಾಲೆಯಲ್ಲಿ ಪಾಠ ಹೇಳುತ್ತಾಳಂತೆ, ಹೋಗಿ ಮಾತಾಡಿ ಬಾ ಎಂದರು. ಹೊಳೆಆಲೂರ ವಿಧವೆಯ ಪ್ರಕರಣವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದೂ ಅಂದರು. ಆ ಹೆಣ್ಣುಮಗಳು ಬೇರೆ ವಕೀಲರು ಬೇಡ ಎಂದು ಮೂರು ತಾರೀಖು ಸುಮ್ಮನೆ ಬಂದು ಕುಳಿತು ಹೋಗಿದ್ದಳು.

ಗಜೇಂದ್ರಗಡದ ಬಸ್ಸು ಹತ್ತಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವರ ಮನೆ ಕೋಟೆಯ ಕೆಳಗಿನ ಓಣಿಯಲ್ಲಿ. ಮುಂದೆ ತಂದೆಯ ತಿದಿ, ಇದ್ದಲಿನ ಕುಣಿ. ಓಣಿಯ ನೇಕಾರರ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಅವಳು ಹಿಂದಿನ ಅಂಗಳದಲ್ಲಿ ಬಿಸಿಲಿಗೆ ಕುಳಿತು ಕೂದಲು ಒಣಗಿಸುತ್ತಿದ್ದಳು. ಬಹಳ ತೆಳ್ಳಗಾಗಿದ್ದಳು. ಪಕ್ಕದಲ್ಲಿ ಒಂದು ತಾಮ್ರದ ಬಿಂದಿಗೆ. ಡಾಕ್ಟರು ದಿನಕ್ಕೆ ಅಷ್ಟನ್ನು ಖಾಲಿ ಮಾಡಬೇಕೆಂದು ಹೇಳಿದ್ದರಂತೆ. ಅಪ್ಪ ಹೊಸದಾಗಿ ಕಲಾಯಿ ಹಾಕಿ ಕೊಟ್ಟಿದ್ದರು.

ಕೋರ್ಟಿನ ಮಾತು ತೆಗೆಯುವ ಮುಂಚೆಯೇ ನನ್ನ ಬಾಯಿಂದ ಅದು ಬಂದುಬಿಟ್ಟಿತು. ಕಾಲೇಜಿನಲ್ಲಿ ಭಾಷಣ ಸ್ಪರ್ಧೆ ಗೆದ್ದವಳು, ವಾಕ್ಯ ಕೂಡಿಸಲಾರದೆ ತೊದಲಿದೆ. ನೀರನ್ನು ತಡೆದದ್ದು ನಾನು. ನೀನು ಎಳೆದೆ. ನಾನು ಬಿಡಲಿಲ್ಲ. ಮೂರು ಸಲವೋ ನಾಲ್ಕು ಸಲವೋ. ನಿನ್ನ ಅಪ್ಪ ನನ್ನ ಕೈ ಹಿಡಿದು ಉಪಕಾರ ಹೇಳಿದರು.

ಅವಳು ಕೂದಲು ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು. ಆಮೇಲೆ, "ಗೊತ್ತೈತಿ" ಎಂದಳು. "ನಿನ್ನ ಕೈ ಹಿಡದಾಕಿ ನಾನ ಅಲ್ಲ? ನನಗ ಗೊತ್ತಿರಂಗಿಲ್ಲೇನು?"

"ಮತ್ತ ಯಾಕ ಒಂದ ಮಾತ ಅನಲಿಲ್ಲ?"

"ನೀ ಹೇಳ್ತಿ ಅಂತ ಕುಂತಿದ್ದೆ."

ಮಗ್ಗದ ಸದ್ದು ನಿಂತು ಮತ್ತೆ ಶುರುವಾಯಿತು. ಅವಳು ಬಿಂದಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದಳು, ಕುಡಿಯಲಿಲ್ಲ. ಅಂದು ಅಲ್ಲಿ ತಾನು ಬಾಯಿ ತೆರೆದು ‘ನಾನು ರೋಜಾ ಇಲ್ಲ’ ಎಂದಿದ್ದರೆ ಸಾಕಿತ್ತು ಎಂದಳು. ಮೂರು ಶಬ್ದ. ಅಷ್ಟು ಅಂದರೆ ಬಾಗಿಲಲ್ಲಿದ್ದ ಇಪ್ಪತ್ತು ಮಂದಿಗೂ ಯಾಕೆ ಇಲ್ಲ ಎಂದು ತಿಳಿಯುತ್ತಿತ್ತು. ಬೆಳಿಗ್ಗೆಯಿಂದ ಹರವಿಯ ಮುಂದೆ ಎರಡು ಸಲ ಹಾದು ಹೋಗಿದ್ದಳಂತೆ, ಯಾರಾದರೂ ನೋಡಿಯಾರು ಎಂದು ಕೈ ಹಾಕಿರಲಿಲ್ಲ. ತನಗಾಗಿಯೇ ಹೊರಗೆ ಇಟ್ಟ ಹರವಿ ಅದು.

"ಸಾಯಾಕ ನಾಚಿಕಿ ಬರಲಿಲ್ಲ ನೋಡ ನನಗ" ಎಂದಳು. "ನೀರ ಕೇಳಾಕ ನಾಚಿಕಿ ಬಂತು. ನಿನಗ ನಿನ್ನ ಕೈ ಕಾಣತೈತಿ. ನನಗ ದಿನಾ ನನ್ನ ಬಾಯಿ ಕಾಣತೈತಿ."

ಆಗ ನಾನು ಅತ್ತೆ. ಅವಳು ಅಳಲಿಲ್ಲ. ನನ್ನ ಬೆನ್ನ ಮೇಲೆ ಎರಡು ಗುದ್ದು ಕೊಟ್ಟು, "ಅವತ್ತ ನನಗಿಂತ ನೀನ ಕಟ್ಟಾ ಮುಸಲ್ಮಾನಳಾಗಿದ್ದಿ ಬಿಡ" ಎಂದಳು. ಅಳುವಿನ ನಡುವೆ ನಗು ಬಂದು ಮೂಗು ಸೋರಿತು. ಅವಳು ಆ ಲೋಟವನ್ನು ನನ್ನ ಕೈಗೆ ಕೊಟ್ಟಳು. ಕುಡಿದೆ. ಕಲಾಯಿ ಹಾಕಿದ ಪಾತ್ರೆಯ ನೀರು ತಣ್ಣಗೆ, ಸ್ವಲ್ಪ ಲೋಹದ ರುಚಿ.

ಶಾಲೆಯ ಕೆಲಸದ ಬಗ್ಗೆ ಕೇಳಿದೆ. ಅಲ್ಲಿ ಕಕ್ಕಸು ಇದೆ ಎಂದಳು. ಅದೊಂದೇ ಕಾರಣವೇ ಎಂದೆ. ಅದು ಒಂದು ಸಣ್ಣ ಕಾರಣವೇ ಎಂದು ತಿರುಗಿ ಕೇಳಿದಳು. ನಾನು ಹೊಳೆಆಲೂರ ಹೆಣ್ಣುಮಗಳು ಮೂರು ತಾರೀಖು ಸುಮ್ಮನೆ ಬಂದು ಹೋದದ್ದನ್ನು ಹೇಳಿದೆ. ಅವಳು ಕೂದಲು ಕಟ್ಟಿಕೊಂಡಳು. ಪೂರ್ವದ ಬದುವಿಗೆ ಅವನು ಹೇಳಿದ ಉತ್ತರ ತಪ್ಪು ಎಂದಳು. ತಾನು ಎರಡನೆಯ ಸಲ ಕೇಳಿದ್ದು ತಲೆ ತಿರುಗಿ, ಆದರೆ ಆ ಎರಡನೆಯ ಸಲ ಅವನು ಬೇರೆ ವರ್ಷ ಹೇಳಿದ್ದ. ನೀನು ಬರೆದುಕೊಂಡಿದ್ದೀಯಾ ಎಂದು ಕೇಳಿದಳು. ಬರೆದುಕೊಂಡಿದ್ದೆ. ಅವಳು ಬರುತ್ತಾಳೆಂದು ನನಗೆ ಆಗ ಗೊತ್ತಾಯಿತು.

ನಮಗೊಂದು ಕಕ್ಕಸು ಪತ್ತೆ ಹಚ್ಚಿ ಕೊಟ್ಟದ್ದು ಝಾಡಿನ ಅವ್ವ. ಹಿರಿಯರು ಹೊಸದು ಕಟ್ಟಿಸಲು ಅರ್ಜಿ ಬರೆಯುತ್ತಿದ್ದಾಗ ಆಕೆ, ಹೊಸದು ಯಾಕೆ, ಇದ್ದದ್ದನ್ನೇ ತೆಗೆಸಿರಿ ಎಂದಳಂತೆ. ಬಾರ್ ರೂಮಿನ ಹಿಂದೆ, ಕಬ್ಬಿಣದ ಕಪಾಟು ಅಡ್ಡ ನಿಂತ ಗೋಡೆಯಲ್ಲಿ ಒಂದು ಬಾಗಿಲಿತ್ತು. ಕಟ್ಟಡ ಕಟ್ಟಿದವರು ಅದರ ಆಚೆ ಹೆಂಗಸರಿಗೆಂದೇ ಕಕ್ಕಸು ಮಾಡಿದ್ದರು. ಆಗ ಹೆಂಗಸರು ಯಾರೂ ಬರಲಿಲ್ಲ. ಬರುವುದೂ ಇಲ್ಲ ಎಂದುಕೊಂಡು ಮುಗಿದ ಪ್ರಕರಣಗಳ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಅದರೊಳಗೆ ಸೂರಿನವರೆಗೆ ತುಂಬಿದ್ದರು. ಆ ಗಂಟುಗಳನ್ನು ಹೊರಗೆ ಸಾಗಿಸಲು ಮೇಲಿನಿಂದ ಅಪ್ಪಣೆ ಬರಬೇಕಿತ್ತು. ಅಪ್ಪಣೆಗೆ ಕಾಗದ ಹೋಯಿತು, ಕಾಗದಕ್ಕೆ ಪ್ರಶ್ನೆ ಬಂತು, ಪ್ರಶ್ನೆಗೆ ಮತ್ತೆ ಕಾಗದ ಹೋಯಿತು.

ಗೆಳತಿ ಕಾಯಲಿಲ್ಲ. ಕಡಲೆ ಹೊಲಗಳು ಹಸಿರಾಗಿದ್ದಾಗ, ಸಂಕ್ರಾಂತಿಯ ಮುಂಚೆ, ಕರಿ ಕೋಟು ತೊಟ್ಟು ಬಂದಳು. ಬಂದ ದಿನವೇ, ಮತ್ತೆ ಕಳಿಸಬೇಕಿದ್ದ ಬಾರಿನ ಅರ್ಜಿಯನ್ನು ಓದಿ, ಅದರಲ್ಲಿ ‘ಮಹಿಳಾ ವಕೀಲರ ಅನಿವಾರ್ಯ ಸೌಕರ್ಯ’ ಎಂದಿದ್ದದ್ದನ್ನು ಹೊಡೆದು ‘ಕಕ್ಕಸು’ ಎಂದು ಬರೆದಳು. ಹಿರಿಯರು ಅದನ್ನು ನೋಡಿ, ಹಾಗೆಯೇ ಟೈಪು ಮಾಡಿಸಿದರು. ಅಪ್ಪಣೆ ಬರುವವರೆಗೆ ನಾವು ಝಾಡಿನ ಅವ್ವನ ಮನೆಯ ಕಕ್ಕಸಿಗೆ ಹೋಗಿ ಬರುತ್ತಿದ್ದೆವು. ಕೋರ್ಟಿನಿಂದ ಎರಡು ಓಣಿ ಆಚೆ, ಸರಕಾರದವರು ಕಟ್ಟಿಸಿಕೊಟ್ಟ ತಗಡಿನ ಬಾಗಿಲಿನದು. ಆಕೆ ಓಣಿಯವರಿಗೆಲ್ಲ, "ನಮ್ಮನಿಗೆ ದಿನಾ ಎರಡು ಕಾಗಿ ಬರ್ತಾವ" ಎಂದು ಹೇಳಿ ನಗುತ್ತಿದ್ದಳು. ಹೋದಾಗ ನೀರು ಕೊಡುತ್ತಿದ್ದಳು. ಕುಡಿಯುತ್ತಿದ್ದೆವು. ಮೊದಲ ದಿನ ಲೋಟ ಕೊಟ್ಟು ನಮ್ಮ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟಳು.

ಬೇಸಿಗೆಯ ಕೊನೆಗೆ ಅಪ್ಪಣೆ ಬಂತು. ಗಂಟುಗಳನ್ನು ಹೊರಗೆ ಹಾಕಿದಾಗ ಎದ್ದ ಧೂಳಿಗೆ ಇಡೀ ಬಾರು ಸೀನಿತು. ಒಳಗಿನ ಗೋಡೆಗೆ ಸುಣ್ಣ, ಬಾಗಿಲಿಗೆ ಚಿಲಕ, ಒಂದು ನಳ. ಹೊಳೆಆಲೂರ ವಿಧವೆಗೆ ಹೊಲ ಸಿಕ್ಕಿತು. ಮೈದುನ ಹೇಳಿದ ಎರಡು ಬೇರೆ ವರ್ಷಗಳೇ ಅವನನ್ನು ಸೋಲಿಸಿದವು. ತೀರ್ಪಿನ ದಿನ ಆಕೆ ಆ ಕಕ್ಕಸನ್ನು ನಮಗಿಂತ ಮೊದಲು ಬಳಸಿ ಬಂದು, ನಳ ಬಿಗಿಯಾಗಿದೆ ಎಂದು ದೂರು ಹೇಳಿದಳು.

ಇಷ್ಟಾದರೂ ನನ್ನ ನಿದ್ದೆ ಸರಿಹೋಗಿರಲಿಲ್ಲ. ಎಲ್ಲ ಸರಿಯಾಯಿತಲ್ಲ, ಇನ್ನೇನು ಎಂದು ಅವ್ವ ಕೇಳುತ್ತಿದ್ದಳು. ನನಗೂ ತಿಳಿಯುತ್ತಿರಲಿಲ್ಲ. ಆಷಾಢ ಕಳೆಯಿತು, ಶ್ರಾವಣ ಕಳೆಯಿತು. ರಂಜಾನ್ ಮತ್ತೆ ಬರುತ್ತಿದೆ ಎಂದು ಗೊತ್ತಾದಾಗ ಎಚ್ಚರ ಇನ್ನೂ ಬೇಗ ಆಗತೊಡಗಿತು.

ಆ ವರ್ಷ ಹಿರಿಯರು ಹರವಿಯನ್ನು ಹೊರಗೆ ಇಡಿಸಲಿಲ್ಲ. ಮೊದಲ ದಿನ ಗೆಳತಿಯನ್ನೇ ಕೇಳಿದರಂತೆ. ಇರಲಿ ಬಿಡ್ರಿ, ನನಗೇನು ಹರವಿಯ ಮೇಲೆ ಸಿಟ್ಟಿಲ್ಲ ಎಂದಳಂತೆ. ಮೂರು ವಾರ ಅವಳು ರೋಜಾ ಹಿಡಿದಳು. ಡಾಕ್ಟರು ಬೇಡವೆಂದಿರಲಿಲ್ಲ, ಬೆಳಗಿನ ಜಾವ ತುಂಬ ನೀರು ಕುಡಿ ಎಂದಿದ್ದರು.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ. ಬಾರ್ ರೂಮು ತುಂಬಿತ್ತು. ನಾನು ಒಂದು ಪ್ರಕರಣದ ಕಾಗದಗಳನ್ನು ದಾರದಿಂದ ಹೊಲಿಯುತ್ತಿದ್ದೆ. ಗೆಳತಿ ಒಳಗೆ ಬಂದು, ಕೋಟು ಸರಿಮಾಡಿಕೊಂಡು, ಹರವಿಯ ಹತ್ತಿರ ಹೋಗಿ ನಿಂತಳು. ನಾನು ತಲೆ ಎತ್ತಲಿಲ್ಲ. ಸೂಜಿ ಬೆರಳಿಗೆ ಚುಚ್ಚಿತು. ಹರವಿಯ ಪಕ್ಕದ ಕುರ್ಚಿಯಲ್ಲಿ ಹಿರಿಯರು ಪತ್ರಿಕೆ ಓದುತ್ತಿದ್ದರು. ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

"ಇವತ್ತಿಲ್ಲೇನ ತಂಗಿ?"

"ಇವತ್ತಿಲ್ರಿ" ಎಂದಳು.

ಯಾಕೆ ಎಂದು ಯಾರೂ ಕೇಳಲಿಲ್ಲ. ಮೂವತ್ತು ಮಂದಿ ಇದ್ದರು; ಒಬ್ಬರ ಪುಟ ತಿರುಗುವ ಸದ್ದು ಕೂಡ ನಿಲ್ಲಲಿಲ್ಲ. ಹಿರಿಯರು ಪತ್ರಿಕೆ ಮಡಿಚಿ ಎದ್ದು, ತಂಬಿಗೆಯನ್ನು ಹರವಿಯಲ್ಲಿ ಅದ್ದಿ ತುಂಬಿ ಅವಳ ಕೈಗೆ ಕೊಟ್ಟರು. ಅವಳು ಗೋಡೆಯ ಕಡೆ ತಿರುಗಲಿಲ್ಲ. ಎಲ್ಲರ ಎದುರು ನಿಂತು, ತಲೆ ಹಿಂದಕ್ಕೆ ಚಾಚಿ, ನಿಲ್ಲಿಸದೆ ಅಷ್ಟನ್ನೂ ಕುಡಿದಳು. ಗಂಟಲು ಏಳುತ್ತ ಇಳಿಯುತ್ತ ಇದ್ದದ್ದು ನನಗೆ ಕಾಣುತ್ತಿತ್ತು. ಬಾಯಿ ಒರೆಸಿಕೊಂಡು, ಖಾಲಿ ತಂಬಿಗೆಯನ್ನು ತಂದು ನನ್ನ ಮುಂದೆ ಬೋರಲು ಹಾಕಿದಳು. ಕೋರ್ಟು ಕೂಡುವ ಹೊತ್ತಾಗಿತ್ತು. ಇಬ್ಬರೂ ಎದ್ದು ಹೋದೆವು.

ಆ ದಿನ ಮನೆಗೆ ಬಂದು, ಉಂಡು, ಹಾಸಿಗೆಯಲ್ಲಿ ಒಂದು ಫೈಲು ತೆರೆದಿಟ್ಟುಕೊಂಡದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿತ್ತು. ಲೋಟದ ನೀರು ಇಟ್ಟಷ್ಟೇ ಇತ್ತು. ಅವ್ವ ನನ್ನನ್ನು ಎಬ್ಬಿಸದೆ, ರೊಟ್ಟಿ ಬಡಿಯುವ ಸದ್ದೂ ಆಗಬಾರದೆಂದು ಪಕ್ಕದ ಮನೆಗೆ ಹೋಗಿ ಹಿಟ್ಟು ತಟ್ಟುತ್ತಿದ್ದಳು.